ಫೋರ್ಡ್ ಮಾಡೆಲ್ ಟಿ ತಗೊಳ್ಳೋದಾ, ಮಾಡೆಲ್ ಎ ತಗೊಳ್ಳೋದಾ?

ಅಮೆರಿಕದಲ್ಲಿ ಹಳೇ ಕಾರು ಹುಡುಕಿ ತಂದು ರಿಪೇರಿ ಮಾಡಬೇಕೆನ್ನುವವರು ಕೊನೆಗೆ ಈ ಎರಡರ ನಡುವೆ ಸಿಕ್ಕಿಕೊಳ್ಳುವುದು ಜಾಸ್ತಿ. ಎರಡಕ್ಕೂ ಹೊಸ ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ. ಹಾಗಾಗಿ ಅದರ ಚಿಂತೆ ಬೇಡ.

ಟಿ ಬಂದದ್ದು 1908ರಲ್ಲಿ, ನಿಂತದ್ದು 1927ರಲ್ಲಿ. ಒಟ್ಟು ಒಂದೂವರೆ ಕೋಟಿ ಕಾರು! ಆದರೆ ಇದನ್ನು ಓಡಿಸುವುದೇ ಬೇರೆ ವಿದ್ಯೆ. ಎಡ ಪೆಡಲ್ ಪೂರ್ತಿ ಒತ್ತಿದರೆ ಮೊದಲ ಗೇರ್, ಬಿಟ್ಟರೆ ಎರಡನೆಯದು. ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಸ್ಟೀರಿಂಗ್ ಪಕ್ಕದ ಲಿವರ್‌ನಲ್ಲಿದೆ. ಎಂಜಿನ್‌ಗೆ ಪೆಟ್ರೋಲ್ ಎತ್ತಿ ಕೊಡುವ ಪಂಪ್ ಇಲ್ಲ, ಅದು ಟ್ಯಾಂಕ್‌ನಿಂದ ತಾನಾಗಿಯೇ ಇಳಿದು ಬರಬೇಕು. ಹೆಚ್ಚಿನವುಗಳಲ್ಲಿ ಟ್ಯಾಂಕ್ ಸೀಟಿನ ಕೆಳಗೆ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಮ್ಮಿ ಇದ್ದರೆ ಕಡಿದಾದ ಏರಿನಲ್ಲಿ ಅದು ಎಂಜಿನ್ ತಲುಪುತ್ತಿರಲಿಲ್ಲ. ಅದಕ್ಕೇ ಜನ ಗುಡ್ಡವನ್ನು ರಿವರ್ಸ್‌ನಲ್ಲಿ ಹತ್ತುತ್ತಿದ್ದರು!

ಎ (1927–31) ನಮಗೆ ಗೊತ್ತಿರುವ ಕಾರಿನಂತೆಯೇ. ಮೂರು ಗೇರ್, ಮಾಮೂಲಿ ಪೆಡಲ್‌ಗಳು, ನಾಲ್ಕೂ ಚಕ್ರಕ್ಕೆ ಬ್ರೇಕ್. ಶಕ್ತಿ 40 ಎಚ್‌ಪಿ, ಅಂದರೆ ಟಿಯ ಎರಡು ಪಟ್ಟು. ಗೇರ್ ಬದಲಿಸುವಾಗ ಕ್ಲಚ್ ಎರಡು ಸಲ ಒತ್ತಬೇಕು, ಅಷ್ಟೇ.

ರಸ್ತೆಗಿಳಿಸುವ ಆಸೆಯಿದ್ದರೆ ಎ ತಗೊಳ್ಳಿ. ಕಾರಿನ ಕಾಲದ ಆರಂಭವನ್ನು ಕೈಯಾರೆ ಬಿಚ್ಚಿ ನೋಡುವ ಹುಚ್ಚಿದ್ದರೆ ಟಿ. ನನ್ನ ಓಟು ಎಗೆ.

ಕೊಟ್ಟಿಗೆಯಲ್ಲಿ ಬಿದ್ದಿದ್ದ ಕಾರು ಸಿಕ್ಕರೆ ಬಣ್ಣ ನೋಡಿ ಮರುಳಾಗಬೇಡಿ. ಎಂಜಿನ್ ಬ್ಲಾಕ್ ಚಳಿಗೆ ಬಿರುಕು ಬಿಟ್ಟಿದೆಯಾ, ಬಾಡಿಯೊಳಗಿನ ಮರ ಕೊಳೆತಿದೆಯಾ ನೋಡಿ. ಮಾಲೀಕತ್ವದ ಕಾಗದ ಇಲ್ಲದಿದ್ದರೆ ಚೌಕಾಸಿಗೂ ಹೋಗಬೇಡಿ.