ಬೆಂಗಳೂರಿನ ವಾವ್ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್) ಆಟಗಾರರೇ, ಶನಿವಾರದ ಕನ್ನಡ ರೇಡ್‌ಗೆ ಸೇರುವ ಮುಂಚೆ ಇದನ್ನು ಓದಿ

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡಿದೆ. ಮೊದಲನೇ ದಿನ ಬರೀ ಸಿಟ್ಟು. ಎರಡನೇ ದಿನ ನಾಚಿಕೆ. ಇವತ್ತು ಎರಡೂ ಇದೆ. ಆದರೂ ಬರೆಯುತ್ತಿದ್ದೇನೆ. ಆ ಶನಿವಾರದ ರೇಡ್ ನಡೆಸುವ ಗುಂಪು ಈ ವಾರ ಮತ್ತೆ ಜನ ಸೇರಿಸುತ್ತಿದೆ, ಬೆಂಗಳೂರಿನ ಕನ್ನಡದ ಹುಡುಗರನ್ನೇ ಹುಡುಕುತ್ತಿದೆ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು, ಅಷ್ಟೇ. ಯಾರ ಹೆಸರೂ ಹಾಕುವುದಿಲ್ಲ.

ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್. 2024ರ ನವೆಂಬರ್‌ನಲ್ಲಿ ಹೊಸದಾಗಿ ಶುರುವಾದ ಆನಿವರ್ಸರಿ ಸರ್ವರ್. ನಾನು ಮೇಜ್, ಅಂದರೆ ಮಂತ್ರವಾದಿಯ ಪಾತ್ರ. ರೇಡ್ ಅಂದರೆ ತಂಡ ಕಟ್ಟಿಕೊಂಡು ಬಾಸ್‌ಗಳನ್ನು, ಅಂದರೆ ದೊಡ್ಡ ಶತ್ರುಗಳನ್ನು, ಹೊಡೆಯುವುದು; ನಮ್ಮದು ಮೋಲ್ಟನ್ ಕೋರ್. 40 ಜನ, 10 ಬಾಸ್, ವಾರಕ್ಕೆ ಒಂದೇ ಸಲ. ಆಡುವವರಿಗೆ ಇದೆಲ್ಲ ಗೊತ್ತಿರುವುದೇ. ನಮ್ಮ ದೇಶದಲ್ಲಿ ಈ ಆಟಕ್ಕೆ ಸರ್ವರ್ ಇಲ್ಲ, ಹಾಗಾಗಿ ಹೊರಗಿನವರ ಗಿಲ್ಡ್ (ಆಟಗಾರರ ತಂಡ) ಸೇರಿದರೆ ರೇಡ್ ಸಮಯ ನಮಗೆ ಹೊಂದುವುದೇ ಇಲ್ಲ. ರಾತ್ರಿ 12ಕ್ಕೆ ಶುರು, ಬೆಳಗಿನ ಜಾವ 3ಕ್ಕೆ ಮುಗಿಯುವುದು, ಮತ್ತೆ 9ಕ್ಕೆ ಆಫೀಸ್ ಕ್ಯಾಬ್. ಎಷ್ಟು ದಿನ ಆಗುತ್ತದೆ? ಅಂಥ ಹೊತ್ತಲ್ಲಿ ಶನಿವಾರ ರಾತ್ರಿ 9:30ಕ್ಕೆ, ನಮ್ಮ ಟೈಮಿಗೆ, ಕನ್ನಡದಲ್ಲೇ ಮಾತಾಡುತ್ತಾ ಆಡುವ ಗುಂಪು ಸಿಕ್ಕಿತು ಅಂದರೆ ಹೇಗಿರುತ್ತದೆ ಹೇಳಿ. 40ರಲ್ಲಿ ಹದಿನೈದು ಜನ ನಮ್ಮೂರಿನವರು, ಉಳಿದವರು ಎಲ್ಲೆಲ್ಲಿಯವರೋ. ಆದರೆ ವಾಯ್ಸ್ ಚಾನೆಲ್‌ನಲ್ಲಿ ಓಡುತ್ತಿದ್ದುದು ಕನ್ನಡ. 'ಲೇ, ಹಿಂದೆ ಬಾರೋ, ಬೆಂಕೀಲಿ ನಿಂತಿದೀಯ' ಅಂತ ಕೂಗುವುದನ್ನು ಕೇಳಿ ಮೊದಲ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ ಲೂಟ್ (ಬಾಸ್‌ನಿಂದ ಬೀಳುವ ವಸ್ತು) ಹಂಚುವ ನಿಯಮ ಏನು ಅಂತ ಸರಿಯಾಗಿ ಕೇಳಲೇ ಇಲ್ಲ.

ಕೇಳಲಿಲ್ಲ ಅಂತಲ್ಲ. ಕೇಳಿದೆ. ಮಲ್ಲೇಶ್ವರಂನ ಒಂದು ದರ್ಶಿನಿಯಲ್ಲಿ ಒಂದು ಭಾನುವಾರ ಏಳೆಂಟು ಜನ ಸೇರಿದ್ದೆವು. ರೇಡ್ ಲೀಡರ್ ನನಗಿಂತ ಐದಾರು ವರ್ಷ ದೊಡ್ಡವರು, ಹಾಗಾಗಿ ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಬೈ-ಟು ಕಾಫಿ ಕುಡಿಯುತ್ತಾ ಅವರೇ ಹೇಳಿದರು: 'ಸಾಫ್ಟ್ ರಿಸರ್ವ್ ಪ್ಲಸ್ ಗುರು. ಒಬ್ಬರಿಗೆ ಒಂದು ಐಟಂ. ವಾರ ವಾರ ಅದನ್ನೇ ಹಾಕು, ಸಿಗದೇ ಇದ್ದ ವಾರಕ್ಕೆ ಹತ್ತು ಬೋನಸ್. ಶೀಟ್‌ನಲ್ಲಿ ಎಲ್ಲಾ ಇರುತ್ತೆ. ನಾವು ನಾವೇ ಅಲ್ವಾ, ಮೋಸ ಎಲ್ಲಿಂದ ಬರುತ್ತೆ?'

ನಾವು ನಾವೇ ಅಲ್ವಾ. ಈ ಮಾತು ಇನ್ನೂ ಕಿವಿಯಲ್ಲಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬಾಸ್ ಸತ್ತಾಗ ಬೀಳುವ ವಸ್ತು ಎರಡೋ ಮೂರೋ, ಬೇಕಾದವರು ಹತ್ತು ಜನ. ಯಾರಿಗೆ ಕೊಡುವುದು ಅನ್ನುವ ಜಗಳ 1999ರ ಎವರ್‌ಕ್ವೆಸ್ಟ್ ಅನ್ನುವ ಆನ್‌ಲೈನ್ ಆಟದ ಕಾಲದಿಂದಲೂ ಇದೆ. ಡಿಕೆಪಿ ಅನ್ನುವ ಪಾಯಿಂಟ್ ಲೆಕ್ಕ ಹುಟ್ಟಿದ್ದೇ ಅಲ್ಲಿ. ಸಾಫ್ಟ್ ರಿಸರ್ವ್ ಅಂದರೆ ರೇಡ್ ಶುರುವಾಗುವ ಮುಂಚೆಯೇ 'ನನಗೆ ಇದು ಬೇಕು' ಅಂತ ಬರೆದಿಡುವುದು. ಬರೆದವರು ಮಾತ್ರ ಆ ವಸ್ತುವಿಗೆ 1ರಿಂದ 100ರ ರೋಲ್ (ದಾಳ ಉರುಳಿಸಿದ ಹಾಗೆ) ಹಾಕಬಹುದು. ರೋಲ್‌ಗೆ ಬೋನಸ್ ಸೇರಿಸಿ ಜಾಸ್ತಿ ಬಂದವರಿಗೆ ವಸ್ತು. ಚಿನ್ನ ಕೊಟ್ಟು ಹರಾಜಿನಲ್ಲಿ ಕೊಳ್ಳುವ ಜಿಡಿಕೆಪಿಯನ್ನು ಈ ಸರ್ವರ್‌ನಲ್ಲಿ ಬ್ಯಾನ್ ಮಾಡಿದ್ದಾರೆ. ಹಾಗಾಗಿ ಹೆಚ್ಚಿನ ಗುಂಪುಗಳು ಹೀಗೇ ನಡೆಸುತ್ತವೆ. ಒಳ್ಳೆಯ ಪದ್ಧತಿ, ನಡೆಸುವವರು ನೆಟ್ಟಗಿದ್ದರೆ.

ನಾನು ಬರೆದದ್ದು ಅಝುರ್‌ಸಾಂಗ್ ಮೇಜ್‌ಬ್ಲೇಡ್. ಗೋಲೆಮ್ಯಾಗ್ ಅನ್ನುವ ಬಾಸ್‌ನಿಂದ ಬೀಳುವ ಕತ್ತಿ. ಮಂತ್ರದ ಶಕ್ತಿಗೆ 40 ಸೇರಿಸುತ್ತದೆ. ಮೇಜ್‌ಗಳಿಗೆ, ವಾರ್ಲಾಕ್‌ಗಳಿಗೆ, ಕೆಲವು ಪಾಲಡಿನ್‌ಗಳಿಗೂ (ಇವೆಲ್ಲ ಆಟದ ಪಾತ್ರದ ಬಗೆಗಳು) ಇದೇ ಬೇಕು. ಎಂಟು ವಾರ ಬರೆದೆ. ಎಂಟು ವಾರವೂ ಬೀಳಲಿಲ್ಲ. ನನ್ನ ಬೋನಸ್ 80 ಆಯಿತು.

ಈ ಎಂಟು ವಾರ ನಾನು ಏನು ಮಾಡಿದೆ ಅಂತ ಹೇಳಲೇಬೇಕು, ಯಾಕೆಂದರೆ ಆಮೇಲೆ ನನ್ನನ್ನು 'ಬರೀ ಲೂಟ್‌ಗೆ ಬಂದವನು' ಅಂದರು. ಕ್ಲಾಸಿಕ್‌ನಲ್ಲಿ ಮೇಜ್ ಕೆಲಸ ಏನು ಅಂತ ಮೇಜ್ ಆಡಿದವರಿಗೇ ಗೊತ್ತು. ನೀರು ಮಾಡುವುದು, ಅಂದರೆ ಮಾನಾ (ಮಂತ್ರ ಹಾಕುವ ಶಕ್ತಿ) ತುಂಬಿಸುವ ನೀರು. ಒಂದೇ ಸಲ ಎಲ್ಲರಿಗೂ ಟೇಬಲ್ ಹಾಕಿಬಿಡುವ ಮಂತ್ರ ಬಂದದ್ದು ಆಮೇಲೆ, ಬರ್ನಿಂಗ್ ಕ್ರುಸೇಡ್ ಅನ್ನುವ ಮುಂದಿನ ಆವೃತ್ತಿಯಲ್ಲಿ. ಇಲ್ಲಿ ಒಬ್ಬೊಬ್ಬರಿಗೂ ಟ್ರೇಡ್ ವಿಂಡೋ ತೆರೆದು ಇಪ್ಪತ್ತು ಇಪ್ಪತ್ತು ಬಾಟಲಿ ಇಟ್ಟು ಕೊಡಬೇಕು. 9:30ರ ರೇಡ್‌ಗೆ ನಾನು 9ಕ್ಕೇ ಬಂದು ಕೂರುತ್ತಿದ್ದೆ. ಮಂತ್ರ ಹಾಕು, ಮಾನಾ ಖಾಲಿ, ಕುಡಿ, ಮತ್ತೆ ಹಾಕು. ಪ್ರೀಸ್ಟ್‌ಗಳಿಗೆ, ಪಾಲಡಿನ್‌ಗಳಿಗೆ, ಹಂಟರ್‌ಗಳಿಗೆ, ವಾರ್ಲಾಕ್‌ಗಳಿಗೆ. ಒಂದು ಸಲ ನನ್ನ ಚಿಕ್ಕಮ್ಮನ ಮನೆ ಗೃಹಪ್ರವೇಶದಿಂದ ಬೇಗ ಎದ್ದು ಬಂದಿದ್ದೇನೆ, ನೀರು ಮಾಡುವವರು ಇಲ್ಲ ಅಂತ ಮೆಸೇಜ್ ಬಂತು ಅಂತ. ಅದರ ಜೊತೆಗೆ ಆಟದ ಅಜ್ಶಾರಾ ಅನ್ನುವ ಜಾಗದ ತುದಿಯ ದ್ವೀಪಕ್ಕೆ ಹೋಗಿ ಮೋಲ್ಟನ್ ಕೋರ್‌ನ ರೂನ್ (ಉರಿಯುವ ಚಿಹ್ನೆ) ಆರಿಸುವ ನೀರು ತರುವುದು, ರೇಡ್‌ನಲ್ಲಿ ಶಾಪ ತೆಗೆಯುವುದು, ಪೋಷನ್ ಮಾಡಿ ಗಿಲ್ಡ್‌ನ ಎಲ್ಲರಿಗೂ ಕೊಡುವುದು. ಯಾರೂ ಬಲವಂತ ಮಾಡಲಿಲ್ಲ, ನಿಜ. ನಮ್ಮವರು ಅಂತ ನಾನೇ ಮಾಡಿದೆ.

ಒಂಬತ್ತನೇ ಶನಿವಾರ. ಸುಮಾರು 10:50ಕ್ಕೆ ಗೋಲೆಮ್ಯಾಗ್ ಬಿತ್ತು. ಮಾಸ್ಟರ್ ಲೂಟ್ ಇಟ್ಟಿದ್ದರು, ಅಂದರೆ ಬಿದ್ದ ವಸ್ತು ಯಾರಿಗೆ ಅಂತ ಕೊಡುವ ಅಧಿಕಾರ ಒಬ್ಬರ ಕೈಲಿ, ಲೀಡರ್ ಕೈಲಿ. ಚಾಟ್‌ನಲ್ಲಿ ಕತ್ತಿಯ ಲಿಂಕ್ ಬಂತು. ನನ್ನ ಕೈ ನಡುಗಿತು. ನಡುಗಿತು ಅಂದರೆ ನಿಜವಾಗಿ ನಡುಗಿತು.

ಬರೆದವರು ಮೂರು ಜನ. ಒಬ್ಬ ವಾರ್ಲಾಕ್, ಬೋನಸ್ 30, ರೋಲ್ 52, ಒಟ್ಟು 82. ನಾನು 41, ಬೋನಸ್ 80, ಒಟ್ಟು 121. ಮೂರನೆಯವನು ಇನ್ನೊಬ್ಬ ಮೇಜ್, ಆ ವಾರವೇ ಮೊದಲ ಸಲ ಬಂದವನು. ಬೋನಸ್ ಸೊನ್ನೆ. ರೋಲ್ 88.

121 ದೊಡ್ಡದೋ 88 ದೊಡ್ಡದೋ? ಒಂದನೇ ಕ್ಲಾಸ್ ಮಗುವಿಗೂ ಗೊತ್ತು.

ಅರ್ಧ ನಿಮಿಷ ವಾಯ್ಸ್‌ನಲ್ಲಿ ಸದ್ದಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು, ಕತ್ತಿ ಆ ಹೊಸ ಮೇಜ್‌ಗೆ ಹೋಯಿತು ಅಂತ. ಅದರ ಕೆಳಗೆ ಲೀಡರ್ 'ಕಂಗ್ರಾಟ್ಸ್' ಅಂತ ಹಾಕಿದರು. ಅದರ ಕೆಳಗೆ ಇನ್ನೂ ನಾಲ್ಕೈದು ಕಂಗ್ರಾಟ್ಸ್. ನಾನು ಆ ಸಾಲನ್ನು ಮೂರು ಸಲ ಓದಿದೆ. ತಪ್ಪಿ ಕ್ಲಿಕ್ ಆಗಿದೆ ಅಂದುಕೊಂಡೆ. ನಿಜವಾಗಲೂ ಹಾಗೇ ಅಂದುಕೊಂಡೆ. ಮೋಸ ಅನ್ನುವ ಯೋಚನೆ ಬರಲೇ ಇಲ್ಲ.

'ಅಣ್ಣ, ನನ್ನದು 121 ಇತ್ತು' ಅಂದೆ.

'ಹೌದಾ? ಆಮೇಲೆ ನೋಡೋಣ ಮಗಾ. ಮೊದ್ಲು ಸಲ್ಫ್ಯುರಾನ್ ಹೊಡಿಯೋಣ, ಜನ ಕಾಯ್ತಿದಾರೆ.'

ಸರಿ ಅಂದೆ. ಯಾಕೆಂದರೆ ಈ ಆಟದಲ್ಲಿ ತಪ್ಪಿ ಕೊಟ್ಟ ವಸ್ತುವನ್ನು ಎರಡು ಗಂಟೆಯೊಳಗೆ ಆ ರೇಡ್‌ನಲ್ಲಿದ್ದ ಇನ್ನೊಬ್ಬರಿಗೆ ಟ್ರೇಡ್ ಮಾಡಬಹುದು. ಎರಡು ಗಂಟೆ ಆದ ಮೇಲೆ ಅದು ಅವರಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಯಾರಿಗೂ ಕೊಡಲಾಗುವುದಿಲ್ಲ. ಇದು ನನಗೂ ಗೊತ್ತು, ಅವರಿಗೂ ಗೊತ್ತು. ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮುಂದಿನ ಬಾಸ್ ಸಲ್ಫ್ಯುರಾನ್ ಮುಗಿಯಿತು. ಕೇಳಿದೆ. 'ಮೇಜರ್‌ಡೋಮೋ ಆಗ್ಲಿ.' ಮೇಜರ್‌ಡೋಮೋ ಆಯಿತು. ಕೇಳಿದೆ. 'ರ್‍ಯಾಗ್ನರೋಸ್ ಒಂದು ಮುಗಿಸಿಬಿಡೋಣ ಗುರು, ಈಗ ಫೋಕಸ್ ತಪ್ಪಿಸ್ಬೇಡ.' ಫೋಕಸ್ ತಪ್ಪಿಸುತ್ತಿರುವವನು ನಾನಂತೆ. ರ್‍ಯಾಗ್ನರೋಸ್ ಸಾಯುವ ಹೊತ್ತಿಗೆ 11:50. ಆ ಕೊನೆಯ ಬಾಸ್‌ಗೂ ಮುಂಚೆ ಎಲ್ಲರಿಗೂ ಇನ್ನೊಂದು ಸುತ್ತು ನೀರು ಕೊಟ್ಟೆ. ಆ ಹೊಸ ಮೇಜ್‌ಗೂ ಕೊಟ್ಟೆ, ಅವನು ಮಾಡಿಕೊಳ್ಳಲಿಲ್ಲ ಅಂತ. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತನಗೆ ಎಲೆ ಇಲ್ಲ ಅಂತ ಗೊತ್ತಾದವನ ಹಾಗೆ ಆಗಿತ್ತು ನನಗೆ, ಆದರೂ ಕೊಟ್ಟೆ.

ಆಮೇಲೆ ಲೀಡರ್ 'ಊಟ ಮಾಡಿ ಬರ್ತೀನಿ, ಹತ್ತು ನಿಮಿಷ' ಅಂದರು. ಕಾದೆ. 12:10. 12:30. ಹೊಸ ಮೇಜ್‌ಗೆ ಮೆಸೇಜ್ ಹಾಕಿದೆ. 'ಲೀಡರ್ ಹೇಳಿದ್ರೆ ಕೊಡ್ತೀನಿ ಬ್ರೋ' ಅಂದ. 12:45. ಊರಲ್ಲಿ ಎಲ್ಲ ಮಲಗಿದ್ದಾರೆ, ನಾನೊಬ್ಬ ಹೆಡ್‌ಫೋನ್ ಹಾಕಿಕೊಂಡು ಗಡಿಯಾರ ನೋಡುತ್ತಾ ಕೂತಿದ್ದೇನೆ. ಈ ವಯಸ್ಸಿನಲ್ಲಿ ಒಂದು ಕತ್ತಿಗೆ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ. ಆದರೆ ಅದು ಕತ್ತಿಯ ಮಾತಾಗಿರಲಿಲ್ಲ ಆಗಲೇ.

1:05ಕ್ಕೆ ಬಂದರು. ಬಂದು ಹೇಳಿದ ಮೊದಲ ಮಾತು ಇದು: 'ಅಯ್ಯೋ, ಟೈಮ್ ಆಗೋಯ್ತಲ್ಲ ಮಗಾ. ಈಗ ಸೋಲ್‌ಬೌಂಡ್ ಆಗಿದೆ. ಏನ್ ಮಾಡೋಕಾಗುತ್ತೆ ಹೇಳು?'

ಆ ಕ್ಷಣ ತಿಳಿಯಿತು. ಊಟ ಇಲ್ಲ, ಏನಿಲ್ಲ. ಎರಡು ಗಂಟೆ ಕಳೆಯಲಿ ಅಂತ ಕಾದಿದ್ದರು. ನನ್ನನ್ನು ಕಾಯಿಸಿದ್ದರು. 'ಆಮೇಲೆ ನೋಡೋಣ' ಅನ್ನುವ ಮಾತಿಗೆ ನಾನು ನಾಲ್ಕು ಸಲ ಸರಿ ಅಂದಿದ್ದೆ.

ಬೋನಸ್ ಲೆಕ್ಕ ಏನಾಯಿತು ಅಂತ ಕೇಳಿದೆ. ಅವರ ಉತ್ತರಗಳನ್ನು ಇಲ್ಲಿ ಹಾಗೇ ಹಾಕುತ್ತಿದ್ದೇನೆ.

'ಬೋನಸ್ ಈ ವಾರದಿಂದ ರೀಸೆಟ್ ಮಾಡಿದೀವಿ.' ಯಾವಾಗ ಹೇಳಿದಿರಿ ಅಂದೆ. 'ಆಫೀಸರ್ಸ್ ಚಾನೆಲ್‌ನಲ್ಲಿ ಹೇಳಿದೀನಿ.' ನಾನು ಆಫೀಸರ್ ಅಲ್ಲವಲ್ಲ ಅಂದೆ. 'ಅದಕ್ಕೆ ನಾನೇನ್ ಮಾಡ್ಲಿ?' ಸ್ವಲ್ಪ ಹೊತ್ತು ಬಿಟ್ಟು, 'ಬೋನಸ್ ಅಂತ ರೂಲ್ ಎಲ್ಲಿದೆ ತೋರ್ಸು ನೋಡೋಣ.' ಶೀಟ್ ತೆರೆದೆ. ಬೋನಸ್ ಕಾಲಂ ಇರಲಿಲ್ಲ. ಬುಧವಾರ ನಾನೇ ನೋಡಿದ್ದೆ, ನನ್ನ ಹೆಸರಿನ ಮುಂದೆ 80 ಅಂತ ಇತ್ತು. ಈಗ ಆ ಕಾಲಂ ಪೂರ್ತಿಯಾಗಿ ಇಲ್ಲ. ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ ನಾನು. ಯಾಕೆ ತೆಗೆಯುತ್ತೇನೆ? ನಾವು ನಾವೇ ಅಲ್ವಾ?

ಇನ್ನೊಂದು. ಆ ರಾತ್ರಿ ಹೊಸ ಮೇಜ್ ವಾಯ್ಸ್‌ಗೆ ಬಂದು ಮಾತಾಡುವಾಗ ಹಿಂದೆ ಒಂದು ನಾಯಿ ಬೊಗಳುತ್ತಿತ್ತು. ಲೀಡರ್ ಮೈಕ್ ಆನ್ ಮಾಡಿದಾಗಲೂ ಅದೇ ನಾಯಿ, ಅದೇ ಬೊಗಳು. ನೇರವಾಗಿ ಕೇಳಿದೆ, ಅವನು ನಿಮ್ಮ ಪಕ್ಕದಲ್ಲೇ ಇದ್ದಾನಾ ಅಂತ. 'ಹೌದು, ನನ್ನ ರೂಮ್‌ಮೇಟ್. ಅದ್ರಲ್ಲೇನ್ ತಪ್ಪು? ಅವನು ಇನ್ಮೇಲೆ ರೆಗ್ಯುಲರ್ ಬರ್ತಾನೆ, ಗಿಲ್ಡ್‌ಗೆ ಒಳ್ಳೇದು. ನೀನು ಬರೀ ಲೂಟ್‌ಗೆ ಬಂದವನ ಥರ ಆಡ್ಬೇಡ.'

ಒಂಬತ್ತು ವಾರ ಬಂದವನು ಲೂಟ್‌ಗೆ ಬಂದವನು. ಒಂದು ವಾರ ಬಂದವನು ರೆಗ್ಯುಲರ್.

ಉಳಿದವರು ಯಾರೂ ಬಾಯಿ ಬಿಡಲಿಲ್ಲ. ದರ್ಶಿನಿಯಲ್ಲಿ ನನ್ನ ಜೊತೆ ಕಾಫಿ ಹಂಚಿಕೊಂಡವನೊಬ್ಬ ಬೆಳಿಗ್ಗೆ ಮೆಸೇಜ್ ಹಾಕಿದ: 'ನಿಂಗೆ ಮೋಸ ಆಗಿದೆ ಕಣೋ. ಆದ್ರೆ ನಾನ್ ಮಾತಾಡಿದ್ರೆ ನನ್ ಐಟಂ ಹೋಗುತ್ತೆ.' ಅವನ ಮೇಲೆ ಸಿಟ್ಟಿಲ್ಲ. ಸ್ವಲ್ಪ ಇದೆ. ಭಾನುವಾರ ಮಧ್ಯಾಹ್ನ ಎಲ್ಲರ ಮುಂದೆ ಗಿಲ್ಡ್ ಚಾಟ್‌ನಲ್ಲಿ ಇಷ್ಟನ್ನೇ ಬರೆದೆ, ಒಂದು ಕೆಟ್ಟ ಮಾತೂ ಇಲ್ಲದೆ. ಹತ್ತು ನಿಮಿಷದಲ್ಲಿ ನನ್ನನ್ನು ಗಿಲ್ಡ್‌ನಿಂದ ತೆಗೆದರು. ವಾಟ್ಸಾಪ್ ಗ್ರೂಪ್‌ನಿಂದಲೂ.

2018ರಲ್ಲಿ ಈ ಆಟದ ಹೊಸ ಆವೃತ್ತಿಯಲ್ಲಿ ಮಾಸ್ಟರ್ ಲೂಟ್ ಅನ್ನೇ ತೆಗೆದುಹಾಕಿದ್ದರು. ಆಗ ನನಗೆ ಬೇಜಾರಾಗಿತ್ತು, ಗಿಲ್ಡ್‌ಗಳ ಮೇಲೆ ನಂಬಿಕೆ ಇಲ್ವಾ ಇವರಿಗೆ ಅಂತ. ಈಗ ಹಾಗೆ ಅನ್ನಿಸುತ್ತಿಲ್ಲ.

ನೀವು ಯಾವ ಗುಂಪಿಗೇ ಸೇರಿ, ಕನ್ನಡದ್ದಾಗಲಿ ಬೇರೆಯದಾಗಲಿ, ಮೊದಲ ಬಾಸ್‌ಗೆ ಮುಂಚೆ ನಿಯಮವನ್ನು ರೇಡ್ ಚಾಟ್‌ನಲ್ಲೇ ಬರೆಸಿ. ಬಾಯಿಮಾತು ಬೇಡ. ಶೀಟ್ ಇದ್ದರೆ ರೇಡ್ ದಿನ ಸ್ಕ್ರೀನ್‌ಶಾಟ್ ತೆಗೆಯಿರಿ. ವಸ್ತು ತಪ್ಪಾಗಿ ಹೋಯಿತು ಅನ್ನಿಸಿದರೆ ಆಗಲೇ ನಿಲ್ಲಿಸಿ, ಮುಂದಿನ ಬಾಸ್ ಹೊಡೆಯಬೇಡಿ, ಒಂದು ಹನಿ ನೀರು ಮಾಡಬೇಡಿ. 'ಆಮೇಲೆ ನೋಡೋಣ' ಅಂದರೆ ಕೊಡುವುದಿಲ್ಲ ಅಂತಲೇ ಅರ್ಥ. ಲೀಡರ್ ಮನೆಯವರು, ರೂಮಿನವರು ಯಾರ್‍ಯಾರು ಆಡುತ್ತಿದ್ದಾರೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ನಿನ್ನೆ ರಾತ್ರಿ ಅವರ ಹೊಸ ಪೋಸ್ಟ್ ನೋಡಿದೆ. ಗಿಲ್ಡ್ ಹೆಸರು ಬದಲಾಗಿದೆ. ಶನಿವಾರ 9:30, ಬೆಂಗಳೂರು, ಕನ್ನಡ, ಸಾಫ್ಟ್ ರಿಸರ್ವ್ ಪ್ಲಸ್, ಎಲ್ಲಾ ನಮ್ಮವರೇ ಅಂತ ಹಾಕಿದ್ದಾರೆ. ಕೆಳಗೆ ಒಂದು ಸಾಲು: ಮೇಜ್ ಅರ್ಜೆಂಟ್ ಬೇಕು.