ಸಾಲು ಮನೆಯ ನಡುಮನೆಗೆ ಬೆಳಕು: ಗಾಜಿನ ಸೂರೋ, ತೆರೆದ ತೊಟ್ಟಿಯೋ, ಮೆಟ್ಟಿಲ ಮೇಲಿನ ಕಿಟಕಿಯೋ?

20-40 ಸೈಟಿನಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆ. ಹಗಲು ಹನ್ನೊಂದು ಗಂಟೆಗೂ ನಡುಮನೆಯಲ್ಲಿ ಲೈಟ್ ಹಾಕಬೇಕು. ಬೆಂಗಳೂರಿನಲ್ಲಿ ಇದು ತುಂಬಾ ಜನರ ಪಾಡು, ಅಲ್ವಾ? ಕಿಟಕಿಯ ಮೇಲ್ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಬೆಳಕು ಚೆನ್ನಾಗಿ ತಲುಪುತ್ತದೆ. ಲಿಂಟಲ್, ಅಂದರೆ ಕಿಟಕಿಯ ಮೇಲಿನ ಅಡ್ಡತೊಲೆ, 7 ಅಡಿಗಿದ್ದರೆ 14ರಿಂದ 17 ಅಡಿ. ನಡುವೆ ರೂಮಿನ ಗೋಡೆ ಬಂದರೆ ಅದೂ ಇಲ್ಲ. ಹಾಗಾಗಿ ಬೆಳಕನ್ನು ಮೇಲಿನಿಂದಲೇ ಇಳಿಸಬೇಕು. ಮೂರು ಥರ ಇಳಿಸಿದ ಮೂರು ಮನೆಗಳಲ್ಲಿ ಬೇಸಿಗೆ, ಮಳೆಗಾಲ ಎರಡನ್ನೂ ಕಳೆದಿದ್ದೇನೆ.

ಮೊದಲನೆಯದು ಬಾಡಿಗೆ ಮನೆ. ಮೆಟ್ಟಿಲ ಮೇಲೆ 4 ಅಡಿಗೆ 6 ಅಡಿಯ ಗಾಜು, ತೆರೆಯಲು ಬರುವುದಿಲ್ಲ. ಬೆಳಕಿನ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಮನೆ ನೋಡಲು ಹೋದ ದಿನವೇ ಮನಸೋತೆವು. ಏಪ್ರಿಲ್ ಬಂದಾಗ ನಿಜ ಗೊತ್ತಾಯಿತು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ಸಾದಾ ಗಾಜು ಆ ಶಾಖದ ಮುಕ್ಕಾಲು ಪಾಲನ್ನು ಒಳಗೆ ಬಿಡುತ್ತದೆ. ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಮೆಟ್ಟಿಲ ಬಳಿ 36 ಡಿಗ್ರಿ ಇದ್ದರೆ ಮುಂದಿನ ರೂಮಿನಲ್ಲಿ 31. ಕೊನೆಗೆ ಗಾಜಿನ ಮೇಲೆ ಹಸಿರು ನೆಟ್ ಕಟ್ಟಿದೆವು. ಬಿಸಿಯ ಜೊತೆ ಬೆಳಕೂ ಹೋಯಿತು. ಎರಡನೇ ಮಳೆಗಾಲಕ್ಕೆ ಅಂಚಿನ ಸೀಲಂಟ್ ಬಿರಿದು ನೀರು ಸೋರಿತು.

ಎರಡನೆಯದು ಮೈಸೂರಿನಲ್ಲಿ ಅಣ್ಣನ ಮನೆ. ನಡುವೆ 5 ಅಡಿ ಚೌಕದ ತೆರೆದ ತೊಟ್ಟಿ, ಮೇಲೆ ಬರೀ ಗ್ರಿಲ್. ಗಾಳಿಯಲ್ಲಿ ಇದೇ ಮೊದಲು. ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಇಟ್ಟು ನೋಡಿದೆ. ಹೊರಗೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ) ಆಸುಪಾಸು ಇರುವುದು ಒಳಗೆ ರಾತ್ರಿಯೆಲ್ಲಾ 600 ದಾಟಲಿಲ್ಲ. ಆದರೆ ಜೂನ್ ಬಂತು ಅಂದರೆ ಎರಚಲು. ಪಾರಿವಾಳ, ಸೊಳ್ಳೆ ಬೇರೆ. ಮೆಶ್ ಹಾಕಿದರೆ ಗಾಳಿ ಅರ್ಧಕ್ಕೆ ಇಳಿಯುತ್ತದೆ. ಹಳೇ ತೊಟ್ಟಿ ಮನೆಗಳಲ್ಲಿ ನಾಲ್ಕೂ ಕಡೆ ಕಂಬದ ಪಡಸಾಲೆ ಇತ್ತು. ಮಳೆ ತೊಟ್ಟಿಗೆ ಬೀಳುತ್ತಿತ್ತು, ಜನ ಒಳಗೆ ಒಣಗಿರುತ್ತಿದ್ದರು. ಆ ಪಡಸಾಲೆಗೆ ಜಾಗವಿಲ್ಲದ ಕಡೆ ತೊಟ್ಟಿಯನ್ನಷ್ಟೇ ತಂದರೆ ಆಗುವುದಿಲ್ಲ. ಹಾಗಿದ್ದರೂ ಬೆಳಗ್ಗೆ ಅಮ್ಮ ಆ ತೊಟ್ಟಿಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಎರಡನ್ನೂ ಅನುಭವಿಸಿದ ಮೇಲೆ ನಮ್ಮ ಸ್ವಂತ ಮನೆಗೆ ಮೂರನೇ ದಾರಿ ಹಿಡಿದೆವು. ಮೆಟ್ಟಿಲ ಹೆಡ್‌ರೂಮನ್ನು, ಅಂದರೆ ತಾರಸಿಯಲ್ಲಿ ಮೆಟ್ಟಿಲಿಗೆ ಸೂರು ಹಾಕಿದ ಗೂಡನ್ನು, 4 ಅಡಿ ಜಾಸ್ತಿ ಎತ್ತರಿಸಿದೆವು. ಸೂರು ಕಾಂಕ್ರೀಟಿನದೇ. ಉತ್ತರದ ಗೋಡೆಗೆ ಉದ್ದದ ಕಿಟಕಿ, ಪೂರ್ವಕ್ಕೆ ತೆರೆದು ಮುಚ್ಚುವ ಲೂವರ್ (ಓರೆ ಪಟ್ಟಿಗಳ ಕಿಂಡಿ). ಉತ್ತರದಿಂದ ಬಿಸಿಲೇ ಬರುವುದಿಲ್ಲ ಅಂತ ಮೇಸ್ತ್ರಿ ಹೇಳಿದ್ದರು. ನಮ್ಮ ಊರಿಗೆ ಅದು ಪೂರ್ತಿ ಸರಿಯಲ್ಲ. ಮೇ, ಜೂನ್, ಜುಲೈನಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಆ ಮಧ್ಯಾಹ್ನದ ಬಿಸಿಲಿಗೆ ಒಂದು ಅಡಿ ಸಜ್ಜಾ ಸಾಕು, ಆದರೆ ಅದು ಬೇಕೇ ಬೇಕು. ಲೂವರ್ ಪೂರ್ವಕ್ಕೆ ಯಾಕೆ ಅಂದರೆ, ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಮರೆಯ ಕಡೆ ಬಾಯಿ ಇದ್ದರೆ ಎರಚಲು ಒಳಗೆ ಬರುವುದಿಲ್ಲ, ಒಳಗಿನ ಬಿಸಿ ಗಾಳಿಯನ್ನು ಹೊರಗಿನ ಗಾಳಿಯೇ ಎಳೆದುಕೊಳ್ಳುತ್ತದೆ. ಅಕ್ಟೋಬರಿನ ಹಿಂಗಾರು ಮಳೆ ಪೂರ್ವದಿಂದಲೂ ಬಡಿಯುತ್ತದೆ. ಅದಕ್ಕೇ ಕೆಳಗಿನಿಂದ ಎಳೆದು ಮುಚ್ಚಲು ಸರಪಳಿ ಹಾಕಿಸಿದೆವು.

2024ರ ಏಪ್ರಿಲ್ ಕೊನೆಗೆ ಬೆಂಗಳೂರು 38 ಡಿಗ್ರಿ ದಾಟಿತಲ್ಲ, ಆ ದಿನ ನಮ್ಮ ನಡುಮನೆ 32 ಇತ್ತು. ಏಸಿ ಇಲ್ಲ, ಬರೀ ಫ್ಯಾನ್. ಬೆಳಕು ಗಾಜಿನ ಸೂರಿನಷ್ಟು ಇಲ್ಲ, ನಿಜ. ಜುಲೈನಲ್ಲಿ ಮೋಡ ಕವಿದರೆ ನಾಲ್ಕು ಗಂಟೆಗೇ ಲೈಟ್ ಹಾಕುತ್ತೇವೆ. ಗಾಜಿನ ಸೂರಿಗೆ ಕೇಳಿದ್ದಕ್ಕಿಂತ ಸುಮಾರು 30 ಸಾವಿರ ರೂಪಾಯಿ ಜಾಸ್ತಿಯೂ ಆಯಿತು. ನಾಳೆ ಯಾರಾದರೂ ಕೇಳಿದರೂ ನಾನು ಇದನ್ನೇ ಕಟ್ಟಿಸಿ ಅನ್ನುತ್ತೇನೆ.

ಒಂದು ತಪ್ಪು ಮಾತ್ರ ಮಾಡಿದ್ದೆವು. ಮೇಲೆ ಲೂವರ್ ಇದೆ ಅಂತ ಸುಮ್ನೆ ಇದ್ದೆವು. ರಾತ್ರಿ ಕಿಟಕಿ, ಬಾಗಿಲು ಹಾಕಿ ಇಬ್ಬರು ಮಲಗಿದರೆ ಬೆಳಗ್ಗೆ ಆ ಕಾರ್ಬನ್ ಡೈಆಕ್ಸೈಡ್ ಮೀಟರ್ 1900 ಪಿಪಿಎಂ ತೋರಿಸುತ್ತಿತ್ತು. ರೂಮಿನ ಗಾಳಿ ಮೆಟ್ಟಿಲವರೆಗೆ ಹೋಗಲು ದಾರಿ ಬೇಕಲ್ಲ. ಹಳೇ ಮನೆಗಳಲ್ಲಿ ಬಾಗಿಲ ಮೇಲೆ ವೆಂಟಿಲೇಟರ್ ಇರುತ್ತಿತ್ತು, ಏಸಿ ಬಂದ ಮೇಲೆ ಎಲ್ಲರೂ ಬಿಟ್ಟರು. ಬಡಗಿಯನ್ನು ಕರೆಸಿ ಪ್ರತಿ ಬಾಗಿಲ ಮೇಲೂ ಒಂದು ಅಡಿ ಎತ್ತರದ ಮರದ ಜಾಲರಿ ಕೂರಿಸಿದೆವು. ರಸ್ತೆ ಕಡೆಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡುತ್ತೇವೆ. ಈಗ ಬೆಳಗ್ಗೆ 900ರ ಒಳಗೇ ಇರುತ್ತದೆ.