ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್ ತಗೊಳ್ಳೋ ಮುಂಚೆ ಟಾರ್ಚ್ ಬಿಟ್ಟು ನೋಡಿ

ಬೆಂಗಳೂರಲ್ಲಿ ಹಳೇ ಜೂಮ್ ಲೆನ್ಸ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು ತಗೊಂಡಿದ್ದು ನಿಕಾನ್‌ನ 18-200 ಎಂಎಂ ವಿಆರ್ (ಅಂದರೆ ಕೈ ನಡುಕ ಸರಿದೂಗಿಸೋ ಲೆನ್ಸ್), 2005ರಲ್ಲಿ ಬಂದ ಮೊದಲ ಮಾಡೆಲ್. ಪ್ರವಾಸಕ್ಕೆ ಒಂದೇ ಲೆನ್ಸ್ ಸಾಕು, ಗೋಪುರವೂ ಆಗುತ್ತದೆ, ತಟ್ಟೆಯಲ್ಲಿರೋ ದೋಸೆಯೂ ಆಗುತ್ತದೆ ಅನ್ನೋ ಆಸೆ. ಮಾರಿದವರ ಹೆಸರು ಹಾಕುವುದಿಲ್ಲ. "ಹೊಸದರ ಥರ ಇದೆ, ಫಂಗಸ್ ಇಲ್ಲ" ಅಂದರು. ಫಂಗಸ್ ಅಂದರೆ ಲೆನ್ಸಿನ ಒಳಗಾಜಿನ ಮೇಲೆ ಬೆಳೆಯೋ ಬೂಷ್ಟು. ಅಲ್ಲೇ ಕ್ಯಾಮೆರಾಗೆ ಹಾಕಿ ನಾಲ್ಕು ಫೋಟೋ ತೆಗೆದು ತೋರಿಸಿದರು. ಎಲ್ಲ ಚೆನ್ನಾಗಿಯೇ ಬಂದವು.

ಮೋಸ ಇರುವುದು ಅಲ್ಲೇ. ಒಳಗೆ ಫಂಗಸ್ ಇದ್ದರೂ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ಬಹಳ ಸಲ ಏನೂ ಗೊತ್ತಾಗುವುದಿಲ್ಲ. ಬೆಳಕು ಎದುರಿಂದ ಬಿದ್ದಾಗ ಬಣ್ಣ ಬಯಲಾಗುತ್ತದೆ. ಊಟದ ಫೋಟೋ ತೆಗೆಯುವವರು ಮಾಡುವುದೇ ಅದನ್ನು ಅಲ್ವಾ, ಕಿಟಕಿ ಪಕ್ಕದ ಟೇಬಲ್ ಹಿಡಿದು, ತಟ್ಟೆಯ ಹಿಂದಿನಿಂದ ಬೆಳಕು ಬರೋ ಹಾಗೆ ಕೂತು, ಹಬೆ ಕಾಣಲಿ ಅಂತ ಕಾಯುವುದು. ಉಡುಪಿಯಲ್ಲಿ ಹಾಗೆ ತೆಗೆದ ಗೋಳಿಬಜೆ, ನೀರ್‌ದೋಸೆ ಎಲ್ಲ ಮೇಲೆ ಮಜ್ಜಿಗೆ ಎರಚಿದ ಹಾಗೆ ಬಿಳಿಚಿಕೊಂಡಿದ್ದವು. ಹಬೆ ಕೂತಿರಬೇಕು ಅಂತ ಒರೆಸಿದೆ. ಸಂಜೆ ಮರವಂತೆಯಲ್ಲಿ ಸಮುದ್ರದ ಕಡೆ ತಿರುಗಿಸಿದರೆ ಅಲ್ಲೂ ಅದೇ ಕಥೆ. ರೂಮಿಗೆ ಬಂದು ಮೊಬೈಲ್ ಟಾರ್ಚ್ ಬಿಟ್ಟರೆ ಒಳಗಿನ ಗಾಜಿನ ಅಂಚಲ್ಲಿ ಕವಲೊಡೆದ ಸಣ್ಣ ಬಿಳಿ ಎಳೆಗಳು.

ವಾಪಸ್ ಕೊಡಲು ಹೋದರೆ, "ಕರಾವಳಿ ಮಳೇಲಿ ತಿರುಗಾಡ್ಸಿದೀರಿ ಸಾರ್, ಅಲ್ಲೇ ಬಂದಿರೋದು" ಅಂದರು. ವಾರದೊಳಗೆ ಅಷ್ಟು ಬೆಳೆಯುತ್ತಾ? ರಿಪೇರಿಯವರಿಗೆ ತೋರಿಸಿದೆ. ಮೌಂಟಿನ, ಅಂದರೆ ಕ್ಯಾಮೆರಾಗೆ ಕೂರೋ ಹಿಂದಿನ ಬಳೆಯ, ಸ್ಕ್ರೂ ತಲೆಗಳು ಗೀಚಿಹೋಗಿವೆ, ಯಾರೋ ಹಿಂದೆಯೇ ಬಿಚ್ಚಿದ್ದಾರೆ ಅಂದರು. ಫಂಗಸ್ ಗಾಜಿನ ಮೇಲಿನ ತೆಳು ಲೇಪ, ಕೋಟಿಂಗನ್ನೇ ತಿಂದಿತ್ತು. ತೊಳೆದರೂ ಗುರುತು ಉಳಿಯುತ್ತದಂತೆ. ಅದನ್ನೂ ಹೇಳಿದೆ, ಆಮೇಲೆ ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು.

ಹಾಗಾಗಿ ಅವರು ತೆಗೆದು ತೋರಿಸೋ ಫೋಟೋ ನೋಡಿ ಸುಮ್ನೆ ದುಡ್ಡು ಕೊಡಬೇಡಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಸ್ವಲ್ಪ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ಇನ್ನೊಂದು ಕಡೆಯಿಂದಲೂ. ಜೂಮ್ ಪೂರ್ತಿ ಒಳಗಿದ್ದಾಗ ಒಮ್ಮೆ, ಹೊರಗೆಳೆದು ಒಮ್ಮೆ. ಒಂದೆರಡು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಉದ್ದ ಚಾಚೋ ಜೂಮ್ ಪ್ರತಿ ಸಲ ಗಾಳಿ ಎಳೆದುಕೊಳ್ಳುತ್ತದೆ, ಧೂಳು ಬಂದೇ ಬರುತ್ತದೆ. ಎಳೆ ಥರ ಕಂಡರೆ ಮಾತ್ರ ಬೇಡ. ಆ ಕಾಲದ ನಿಕಾನ್ ಲೆನ್ಸುಗಳ ಹಿಂದೆ ಪುಟ್ಟ ಲೋಹದ ಕಡ್ಡಿ ಇರುತ್ತದೆ. ಅದನ್ನು ಸರಿಸಿ ಹಿಡಿದರೆ ಅಪರ್ಚರ್, ಅಂದರೆ ಬೆಳಕು ಒಳಬರೋ ಕಿಂಡಿ, ತೆರೆಯುತ್ತದೆ, ಆಗಲೇ ಒಳಗೆಲ್ಲ ಕಾಣುವುದು. ಬಿಟ್ಟ ತಕ್ಷಣ ಆ ಕಿಂಡಿಯ ಬ್ಲೇಡುಗಳು ಟಕ್ ಅಂತ ಮುಚ್ಚಬೇಕು. ಮೆಲ್ಲಗೆ ಮುಚ್ಚಿದರೆ ಬ್ಲೇಡಿಗೆ ಎಣ್ಣೆ ಇಳಿದಿರಬಹುದು, ಫೋಟೋ ಬೇಕಾದ್ದಕ್ಕಿಂತ ಬೆಳ್ಳಗೆ ಬರುತ್ತದೆ. ಕ್ಯಾನನ್ ಇಎಫ್ ಲೆನ್ಸಲ್ಲಿ ಈ ಕಡ್ಡಿ ಇಲ್ಲ.

ಆಮೇಲೆ ಲೆನ್ಸನ್ನು ನೆಲದ ಕಡೆ ತಿರುಗಿಸಿ ಹಿಡಿಯಿರಿ. ನನ್ನದು ತಾನಾಗೇ ಜಾರಿ ಉದ್ದ ಆಗುತ್ತಿತ್ತು. ಬಾಳೆಎಲೆ ಊಟವನ್ನು ನೇರ ಮೇಲಿಂದ ತೆಗೆಯೋಣ ಅಂದರೆ ಫ್ರೇಮೇ ನಿಲ್ಲದು. 2009ರ ಎರಡನೇ ಮಾಡೆಲ್‌ಗೆ ಲಾಕ್ ಕೊಟ್ಟರು, ಅದೂ ಜೂಮ್ ಪೂರ್ತಿ ಒಳಗಿರೋ 18 ಎಂಎಂನಲ್ಲಿ ಮಾತ್ರ ಹಿಡಿಯುತ್ತದೆ. ಇನ್ನು ಹತ್ತಿರದ ಫೋಕಸ್ 50 ಸೆಂಟಿಮೀಟರ್, ಕ್ಯಾಮೆರಾದೊಳಗಿನ ಸೆನ್ಸರ್‌ನಿಂದ ಅಳೆದರೆ, ಅದಕ್ಕಿಂತ ಹತ್ತಿರದ್ದು ಮಸುಕು. ಇಕ್ಕಟ್ಟಾದ ಹೋಟೆಲಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಬೆನ್ನು ಹಿಂದಿನವರಿಗೆ ತಗುಲಿಸಿಕೊಂಡೇ ತೆಗೆಯಬೇಕು. ಊಟಕ್ಕೆ ಅದೇ ಕಂಪನಿಯ 35 ಎಂಎಂ 1.8 ಎಷ್ಟೋ ಮೇಲು, 30 ಸೆಂಟಿಮೀಟರಿಗೇ ಫೋಕಸ್ ಆಗುತ್ತದೆ, ಬೆಳಕೂ ಜಾಸ್ತಿ.

ಅಷ್ಟಾದರೂ ಜೂಮೇ ಬೇಕು ಅಂದರೆ, ಲೆನ್ಸಿನ ಸೀರಿಯಲ್ ನಂಬರ್ ಹಾಕಿ, ಇಂತಿಷ್ಟು ದಿನದೊಳಗೆ ಫಂಗಸ್ ಕಂಡರೆ ವಾಪಸ್ ತಗೋತೀವಿ ಅಂತ ಬಿಲ್ಲಲ್ಲೇ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಎದ್ದು ಬನ್ನಿ.